ಜಾನಪದ ಕ್ಷೇತ್ರಕಾರ್ಯದಲ್ಲಿ ಡಿಜಿಟಲ್ ಧ್ವನಿಮುದ್ರಣ: ರೋಣ, ನರಗುಂದ, ಗಜೇಂದ್ರಗಡ ಪರಿಸರವನ್ನು ಅನುಲಕ್ಷಿಸಿ

ಜೆ.ಎಫ್. ಫ್ಲೀಟ್ ಅವರು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದಾಗ ಎಡಿಸನ್ನನ ಫೋನೋಗ್ರಾಫ್ ಹುಟ್ಟಿ ಎಂಟು ವರ್ಷಗಳಾಗಿದ್ದವು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಅಚ್ಚಿನಲ್ಲಿ ಉಳಿದವು; ಅವುಗಳನ್ನು ಹಾಡಿದವರ ದನಿ ಉಳಿಯಲಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಹೊರತಂದಾಗಲೂ ಸಂಗ್ರಾಹಕರ ಕಿವಿ ಮತ್ತು ಲೇಖನಿಗಳೇ ಅವರ ಯಂತ್ರಗಳಾಗಿದ್ದವು. ಕನ್ನಡ ಜಾನಪದ ಅಧ್ಯಯನವು ದೀರ್ಘಕಾಲ ಪಠ್ಯಕೇಂದ್ರಿತವಾಗಿ ಬೆಳೆದುದಕ್ಕೆ ಸಿದ್ಧಾಂತದಷ್ಟೇ ಈ ಸಾಧನಸ್ಥಿತಿಯೂ ಕಾರಣ. ಹಾಡು ಬರಹಕ್ಕೆ ಇಳಿಯುವಾಗ ಏನು ಕಳೆಯಿತೆಂಬುದನ್ನು ಮರುಪರಿಶೀಲಿಸುವ ಅವಕಾಶ ನಂತರದ ವಿದ್ವಾಂಸರಿಗೆ ದೊರೆಯಲಿಲ್ಲ.

ಅಂಥ ಅವಕಾಶ ದೊರೆತಾಗ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ಅವರು 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮಾಡಿದ ಮುದ್ರಿಕೆಗಳ ಪ್ರತಿಗಳನ್ನು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು 1984ರಲ್ಲಿ ಅದೇ ಊರುಗಳಿಗೆ ಒಯ್ದು, ಉಳಿದಿರುವ ಸಂಪ್ರದಾಯಗಳೊಡನೆ ಹೋಲಿಸಿ ನೋಡಿದರು. ನಾಲ್ಕೂವರೆ ದಶಕಗಳ ಬದಲಾವಣೆಯನ್ನು ಕಿವಿಯಿಂದಲೇ ಅಳೆಯಲು ಸಾಧ್ಯವಾದುದು ಮೂಲ ಮುದ್ರಿಕೆ ಉಳಿದುಬಂದಿದ್ದರಿಂದ. ಇಂದು ರೋಣ, ನರಗುಂದ, ಗಜೇಂದ್ರಗಡ ಭಾಗದ ಹಳ್ಳಿಗಳಲ್ಲಿ ಮುದ್ರಣ ಮಾಡುವ ಸಂಶೋಧನಾರ್ಥಿಯ ಕೈಯಲ್ಲಿರುವ ಯಂತ್ರ ಬಾಕೆಯವರ ಯಂತ್ರಕ್ಕಿಂತ ನೂರುಪಟ್ಟು ಸಮರ್ಥವಾದುದು. ಆದರೂ ಆತನ ಮುದ್ರಿಕೆ ಇನ್ನು ನಲವತ್ತು ವರ್ಷಗಳ ಮೇಲೆ ಕೇಳಲು ಸಿಕ್ಕೀತೇ, ಸಿಕ್ಕರೂ ಭಾಷಾಧ್ಯಯನಕ್ಕೆ ಆಧಾರವಾದೀತೇ ಎಂಬುದು ಆತನು ಮೊದಲ ದಿನವೇ ಯಂತ್ರದಲ್ಲಿ ಆಯ್ದುಕೊಳ್ಳುವ ಒಂದೆರಡು ಸೂಚಿಗಳನ್ನು ಅವಲಂಬಿಸಿದೆ.

ಮುದ್ರಣದ ಸಾಧನವು ಹಾಡಿನ ರೂಪವನ್ನೇ ತಿದ್ದಬಲ್ಲದು. ರೋಣದೊಡನೆ ಹೆಸರು ಬೆಸೆದುಕೊಂಡಿರುವ ಪಂಡಿತ ಭೀಮಸೇನ ಜೋಶಿಯವರು (1922–2011) ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, ಗುರುವನ್ನರಸಿ ಮನೆ ಬಿಟ್ಟ ಸಂಗತಿ ಪ್ರಸಿದ್ಧವಾಗಿದೆ. ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ; ಗಂಟೆಗಟ್ಟಲೆ ಹರಿಯಬಲ್ಲ ಗಾಯನವನ್ನು ಕಲಾವಿದರು ಅದಕ್ಕೆ ಹೊಂದಿಸಿ ಹಾಡಬೇಕಿತ್ತು. 1963ರಲ್ಲಿ ಬಂದ ಕ್ಯಾಸೆಟ್ಟು ಈ ಮಿತಿಯನ್ನು ಮಗ್ಗುಲಿಗೆ 30 ಅಥವಾ 45 ನಿಮಿಷಗಳವರೆಗೆ ಸಡಿಲಿಸಿತು. ವಿಶ್ವವಿದ್ಯಾಲಯಗಳ ಕ್ಯಾಸೆಟ್ ಸಂಗ್ರಹಗಳನ್ನು ಬಳಸಿದವರಿಗೆ, ಕಥನಗೀತೆ ಕುತೂಹಲದ ಘಟ್ಟಕ್ಕೆ ಬಂದಾಗ ‘ಟಕ್’ ಎಂಬ ಸದ್ದಿನೊಡನೆ ಕಡಿದುಹೋಗುವ ಅನುಭವ ಹೊಸದಲ್ಲ. ಮಗ್ಗುಲು ಬದಲಿಸುವಷ್ಟರಲ್ಲಿ ಹಾಡುಗಾರ್ತಿ ಎರಡು ನುಡಿ ಮುಂದೆ ಹೋಗಿರುತ್ತಾಳೆ. ಪ್ರಕಟಿತ ಸಂಗ್ರಹಗಳಲ್ಲಿ ಕಾಣುವ ಕೆಲವು ‘ಪಾಠಲೋಪ’ಗಳು ಪರಂಪರೆಯ ಲೋಪಗಳಾಗಿರದೆ ಟೇಪಿನ ಲೋಪಗಳಾಗಿರುವ ಸಾಧ್ಯತೆಯನ್ನು ಪಠ್ಯಸಂಪಾದಕರು ಮರೆಯುವಂತಿಲ್ಲ.

ಡಿಜಿಟಲ್ ಯಂತ್ರಗಳು ಬಂದಾಗ ಕಾಲದ ಮಿತಿ ತೊಲಗಿತು, ಬೇರೆ ಮಿತಿಗಳು ಬಂದವು. 1992ರಲ್ಲಿ ಮಾರುಕಟ್ಟೆಗೆ ಬಂದ ಮಿನಿಡಿಸ್ಕ್ ಹಗುರವೂ ಸ್ವಚ್ಛ ಧ್ವನಿಯುಳ್ಳದ್ದೂ ಆಗಿದ್ದುದರಿಂದ ಕ್ಷೇತ್ರಕಾರ್ಯದಲ್ಲಿ ಬಹಳ ಮೆಚ್ಚುಗೆ ಪಡೆದಿತ್ತು. ಆದರೆ ಅದು ಧ್ವನಿಯ ದತ್ತಾಂಶವನ್ನು ಮೂಲದ ಐದನೆಯ ಒಂದು ಭಾಗದಷ್ಟಕ್ಕೆ ಕುಗ್ಗಿಸುತ್ತಿತ್ತು. ಕೈಯಲ್ಲಿ ಹಿಡಿಯುವ ಬಹುತೇಕ ಮಾದರಿಗಳಿಂದ ಮುದ್ರಿಕೆಯನ್ನು ಕಂಪ್ಯೂಟರಿಗೆ ನೇರ ಡಿಜಿಟಲ್ ರೂಪದಲ್ಲಿ ವರ್ಗಾಯಿಸುವ ದಾರಿಯೂ ಇರಲಿಲ್ಲ. ಕುಗ್ಗಿಸದ ಮುದ್ರಣಕ್ಕೆ ಅವಕಾಶವಿತ್ತ ಹೈ-ಎಂಡಿ 2004ರಲ್ಲಿ ಬಂದಿತು. ಅದೇ ಹೊತ್ತಿಗೆ ಮೆಮರಿ ಕಾರ್ಡಿನ ಯಂತ್ರಗಳು ಕಾಣಿಸಿಕೊಂಡವು; 2006ರ ಎಡಿರೋಲ್ ಆರ್-09, ಜೂಮ್ ಎಚ್4 ಮಾದರಿಗಳ ನಂತರ ಮಿನಿಡಿಸ್ಕಿನ ಕಾಲ ಮುಗಿಯಿತು. ಮಿನಿಡಿಸ್ಕ್ ವಾಕ್‌ಮನ್ ರವಾನೆ 2011ರಲ್ಲಿ ನಿಂತಿತು. ಹತ್ತೊಂಬತ್ತು ವರ್ಷ ಬಾಳಿದ ಒಂದು ಮಾಧ್ಯಮದ ಮೇಲೆ ನೂರಾರು ವರ್ಷ ಬಾಳಿದ ಹಾಡುಗಳನ್ನು ಇಡಲಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಯಂತ್ರದ ಹೆಸರಿಗಿಂತ ಅದು ಬರೆಯುವ ಕಡತದ ರೂಪಕ್ಕೆ ಹೆಚ್ಚು ಬೆಲೆ ಕೊಡಬೇಕಾದುದು ಈ ಕಾರಣದಿಂದ.

ಕಡತದ ರೂಪ ಮತ್ತು ಭಾಷಾ ಸಾಕ್ಷ್ಯ

ಡಿಜಿಟಲ್ ಯಂತ್ರವು ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡುತ್ತದೆ. ಎಷ್ಟು ಬಾರಿ ಅಳೆಯಲಾಯಿತು ಎಂಬುದು ಮಾದರಿ ದರ. ಪ್ರತಿಯೊಂದು ಅಳತೆಯ ಸೂಕ್ಷ್ಮತೆ ಎಷ್ಟು ಎಂಬುದು ಬಿಟ್ ಆಳ. ಸಿ.ಡಿ.ಯ ಮಾನದಂಡ 44.1 ಕಿಲೋಹರ್ಟ್ಸ್, 16 ಬಿಟ್. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳನ್ನು ಶಿಫಾರಸು ಮಾಡಿದೆ. ಮಾದರಿ ದರದ ಅರ್ಧಕ್ಕಿಂತ ಮೇಲಿನ ಕಂಪನಗಳು ಕಡತದಲ್ಲಿ ಉಳಿಯಲಾರವು ಎಂಬುದು ಇಲ್ಲಿನ ಮೂಲನಿಯಮ.

ಈ ನಿಯಮ ಕನ್ನಡ ಅಧ್ಯಯನಕಾರನಿಗೆ ನೇರವಾಗಿ ಸಂಬಂಧಿಸಿದ್ದು. ಅಗ್ಗದ ಸಂಭಾಷಣಾ ಮುದ್ರಕಗಳಲ್ಲಿ ‘ದೀರ್ಘಾವಧಿ’ ಎಂಬ ಆಯ್ಕೆಯಿರುತ್ತದೆ. ಹಲವು ಯಂತ್ರಗಳಲ್ಲಿ ಆಗ ಮಾದರಿ ದರ 8 ಕಿಲೋಹರ್ಟ್ಸಿಗೆ ಇಳಿಯುತ್ತದೆ. ಅಂದರೆ 4 ಕಿಲೋಹರ್ಟ್ಸಿಗಿಂತ ಮೇಲಿನದೆಲ್ಲ ಲೋಪವಾಗುತ್ತದೆ. ‘ಸ’ಕಾರದ ಶಕ್ತಿ ಬಹುಮಟ್ಟಿಗೆ ಇರುವುದೇ ಆ ಮೇಲಿನ ವಲಯದಲ್ಲಿ; ‘ಶ’ಕಾರದ್ದು ಅದಕ್ಕಿಂತ ಕೆಳಗೆ ಆರಂಭವಾಗುತ್ತದೆ. ಉತ್ತರ ಕರ್ನಾಟಕದ ಗ್ರಾಮೀಣ ಆಡುನುಡಿಯಲ್ಲಿ ‘ಶರಣ’ ‘ಸರಣ’ವಾಗುವುದು, ಅದೇ ಹಾಡುಗಾರ ಭಜನೆಯಲ್ಲಿ ಒಂದು ರೂಪವನ್ನೂ ಮಾತಿನಲ್ಲಿ ಇನ್ನೊಂದನ್ನೂ ಬಳಸುವುದು ಉಪಭಾಷಾ ಅಧ್ಯಯನದ ಸ್ವಾರಸ್ಯಕರ ವಿಷಯ. ಅಂಥ ಮುದ್ರಿಕೆಯಿಂದ ಲಿಪ್ಯಂತರ ಮಾಡುವವನು ಕೇಳಿದ್ದನ್ನು ಬರೆಯುವುದಿಲ್ಲ, ತಾನು ಊಹಿಸಿದ್ದನ್ನು ಬರೆಯುತ್ತಾನೆ. ಆ ಊಹೆ ಶಿಷ್ಟ ರೂಪದ ಕಡೆಗೇ ವಾಲುತ್ತದೆ. ಅಲ್ಪಪ್ರಾಣ–ಮಹಾಪ್ರಾಣಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ.

ಎಂಪಿ3 ರೂಪದ ಸಮಸ್ಯೆ ಬೇರೆ. ಮನುಷ್ಯನ ಕಿವಿ ಗಮನಿಸಲಾರದೆಂದು ಲೆಕ್ಕ ಹಾಕಿದ ಅಂಶಗಳನ್ನು ಅದು ಶಾಶ್ವತವಾಗಿ ಬಿಟ್ಟುಬಿಡುತ್ತದೆ. ಕೇಳುವುದಕ್ಕೆ ಇದು ಸಾಕು, ಅಳೆಯುವುದಕ್ಕೆ ಸಾಲದು. ಗೀಗೀ ಮೇಳದ ತಾಳದ ಹೊಡೆತದಂಥ ಹಠಾತ್ ನಾದಗಳ ಅಂಚು ಕಡಿಮೆ ದರದ ಎಂಪಿ3ಯಲ್ಲಿ ಕಲಸಿಹೋಗುತ್ತದೆ. ದಪ್ಪು, ತುಂತುಣಿ, ತಾಳಗಳ ನಡುವಿನ ಸೂಕ್ಷ್ಮ ಲಯಸಂಬಂಧವನ್ನು ಅಳೆಯ ಹೊರಟವರಿಗೆ ಅದು ತೊಡಕು. ಎಂಪಿ3ಯನ್ನು ಅನಂತರ ವೇವ್ ಕಡತವಾಗಿ ಪರಿವರ್ತಿಸಿದರೆ ಗಾತ್ರ ಹಿಗ್ಗುವುದೇ ಹೊರತು ಬಿಟ್ಟುಹೋದುದು ಮರಳದು. ಸಂಗ್ರಹಗಳಿಗೆ ಬರುವ ಕೆಲವು ‘ವೇವ್’ ಕಡತಗಳು ಈ ಬಗೆಯವು ಎಂಬುದನ್ನು ಪರಿಶೀಲಿಸಿಯೇ ಸ್ವೀಕರಿಸುವುದು ಲೇಸು.

ಗಾತ್ರದ ಭಯ ಹಿಂದೆ ಸಕಾರಣವಾಗಿತ್ತು. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಮುದ್ರಣಕ್ಕೆ ನಿಮಿಷಕ್ಕೆ 17 ಮೆಗಾಬೈಟ್, ಗಂಟೆಗೆ ಸುಮಾರು 1 ಗಿಗಾಬೈಟ್ ಬೇಕು. 128 ಕಿಲೋಬಿಟ್ ದರದ ಎಂಪಿ3ಗೆ ಗಂಟೆಗೆ 58 ಮೆಗಾಬೈಟ್ ಸಾಕು. ಇಂದು 32 ಗಿಗಾಬೈಟಿನ ಸಾಧಾರಣ ಕಾರ್ಡಿನಲ್ಲಿ ಮೊದಲ ಬಗೆಯ 30 ಗಂಟೆಗಳ ಮುದ್ರಣ ಹಿಡಿಸುವುದರಿಂದ ಕ್ಷೇತ್ರದಲ್ಲಿ ಎಂಪಿ3 ಬಳಸಲು ಯಾವ ನೆಪವೂ ಉಳಿದಿಲ್ಲ. ಸಂಗ್ರಹದಲ್ಲಿ ಜಾಗ ಉಳಿಸಬೇಕಾದರೆ 2001ರಿಂದ ಬಳಕೆಯಲ್ಲಿರುವ ಫ್ಲ್ಯಾಕ್ ರೂಪವಿದೆ. ಅದು ಏನನ್ನೂ ಕಳೆಯದೆ ಗಾತ್ರವನ್ನು ತಗ್ಗಿಸುತ್ತದೆ, ಬೇಕೆಂದಾಗ ಮೂಲವನ್ನು ಅಂಕಿ ತಪ್ಪದೆ ಹಿಂದಿರುಗಿಸುತ್ತದೆ.

ವೇವ್ ಕಡತಕ್ಕೂ ಒಂದು ಗಡಿಯಿದೆ. ಅದರ ಗಾತ್ರ 4 ಗಿಗಾಬೈಟುಗಳನ್ನು ಮೀರಲಾರದು. ಮೇಲಿನ ದರದಲ್ಲಿ ಅದು ನಾಲ್ಕು ಗಂಟೆಗಳಿಗೆ ತುಸು ಹೆಚ್ಚು. ಇರುಳಿಡೀ ನಡೆಯುವ ದೊಡ್ಡಾಟ, ಬೆಳಗಿನವರೆಗೆ ಸಾಗುವ ಹರದೇಶಿ–ನಾಗೇಶಿ ಸವಾಲ್–ಜವಾಬುಗಳು ಈ ಗಡಿಯನ್ನು ಸಹಜವಾಗಿ ದಾಟುತ್ತವೆ. ಹೆಚ್ಚಿನ ಯಂತ್ರಗಳು ತಾವಾಗಿಯೇ ಹೊಸ ಕಡತ ಆರಂಭಿಸುತ್ತವೆ. ಕೆಲವು ಆ ಸಂಧಿಯಲ್ಲಿ ಕ್ಷಣಕಾಲದ ಧ್ವನಿಯನ್ನು ಕಳೆಯುತ್ತವೆ. ಊರು ಬಿಡುವ ಮುನ್ನ ಮನೆಯಲ್ಲಿಯೇ ಒಂದು ರಾತ್ರಿ ಯಂತ್ರವನ್ನು ಓಡಿಸಿ ಇದನ್ನು ಪರೀಕ್ಷಿಸಿಕೊಳ್ಳಬೇಕು. ಕ್ಯಾಸೆಟ್ಟಿನ ‘ಟಕ್’ ಸದ್ದು ಬೇರೆ ವೇಷದಲ್ಲಿ ಮರಳಿ ಬಂದಂತೆ ಇದು.

ಕ್ಷೇತ್ರದಲ್ಲಿ

ಯಂತ್ರದಲ್ಲಿರುವ ಸ್ವಯಂಚಾಲಿತ ಧ್ವನಿಮಟ್ಟವನ್ನು ಮೊದಲು ತೆಗೆದುಹಾಕಬೇಕು. ಮುಖ್ಯ ಗಾಯಕ ಉಸಿರು ತೆಗೆದುಕೊಳ್ಳುವಾಗ ಅದು ಹಿನ್ನೆಲೆಯ ಗದ್ದಲವನ್ನು ಎತ್ತುತ್ತದೆ, ಹಿಮ್ಮೇಳ ಎತ್ತಿಕೊಂಡಾಗ ಎಲ್ಲವನ್ನೂ ಅದುಮುತ್ತದೆ. ಹಾಡಿನ ಏರಿಳಿತವೇ ಅಳಿಸಿಹೋಗುತ್ತದೆ. ಅತಿ ಗಟ್ಟಿಯಾದ ಘಟ್ಟವು ಪೂರ್ಣಮಟ್ಟಕ್ಕಿಂತ 12 ಡೆಸಿಬಲ್ ಕೆಳಗಿರುವಂತೆ ಕೈಯಿಂದ ಹೊಂದಿಸಿಕೊಳ್ಳುವುದು ಸುರಕ್ಷಿತ. ಕರಡಿ ಮಜಲಿನಂಥ ವಾದ್ಯಮೇಳದಲ್ಲಿ ಈ ಅಂತರವೂ ಸಾಲದೆ ಹೋಗಬಹುದು. ಈಚಿನ 32 ಬಿಟ್ ಫ್ಲೋಟ್ ಯಂತ್ರಗಳಲ್ಲಿ ಮಟ್ಟವನ್ನು ಅನಂತರ ಸರಿಪಡಿಸಿಕೊಳ್ಳಬಹುದಾದರೂ ಮೈಕಿನ ಸಹನೆಯ ಎಲ್ಲೆ ಅಲ್ಲಿಯೂ ಉಳಿದೇ ಇರುತ್ತದೆ.

ಗಾಳಿಯದು ಈ ಪರಿಸರದ ವಿಶೇಷ ತೊಡಕು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಅದಕ್ಕೆ ಸಾಕ್ಷಿ. ನರಗುಂದದ ಎರೆ ಬಯಲಿನಲ್ಲಿಯೂ ಮರೆಯೆಂಬುದು ಕಡಿಮೆ. ಯಂತ್ರದೊಡನೆ ಬರುವ ತೆಳು ಸ್ಪಂಜಿನ ಟೊಪ್ಪಿಗೆ ಇಲ್ಲಿ ನಿಲ್ಲದು. ರೋಮದ ಗವಸು ಬೇಕು, ಅದಕ್ಕಿಂತ ಮೇಲಾಗಿ ಗೋಡೆಯ ಮರೆ ಬೇಕು. ಕೆಳಸ್ತರದ ನಾದವನ್ನು ಕಡಿಯುವ ಶೋಧಕವನ್ನು ಒತ್ತಿಬಿಡುವುದು ಸುಲಭ ಉಪಾಯವೆನಿಸುತ್ತದೆ. ಹೆಂಗಸರ ಸೋಬಾನೆಗೆ ಅದರಿಂದ ಹಾನಿಯಿಲ್ಲ. ಡೊಳ್ಳಿನ ಪದಕ್ಕೆ ಹಾನಿಯಿದೆ, ಏಕೆಂದರೆ ಡೊಳ್ಳಿನ ತಿರುಳೇ ಆ ಸ್ತರದಲ್ಲಿದೆ. ಬ್ಯಾಟರಿಯ ವಿಷಯದಲ್ಲಿ, ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಯಂತ್ರಕ್ಕೆ ಪ್ರಾಶಸ್ತ್ಯ ಕೊಡುವುದು ವಿವೇಕ.

ಸಂದರ್ಭದ ಪ್ರಶ್ನೆ ಇವೆಲ್ಲಕ್ಕಿಂತ ಜಟಿಲವಾದುದು. ರಾಶಿಯಂತ್ರಗಳು ಬಂದ ಮೇಲೆ ಕಣದಲ್ಲಿ ಹಂತಿ ಕಟ್ಟುವುದು ನಿಂತಿದೆ. ಹಿಟ್ಟಿನ ಗಿರಣಿಯಿಂದಾಗಿ ಬೀಸುವ ಕಲ್ಲು ಮೂಲೆ ಸೇರಿದೆ. ಹಾಡುಗಳು ವೃದ್ಧರ ನೆನಪಿನಲ್ಲಿ ಮಾತ್ರ ಇವೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಿಶ್ಶಬ್ದ ಕೋಣೆಯಲ್ಲಿ ಹಾಡಿಸಿದರೆ ಸ್ವಚ್ಛ ಮುದ್ರಿಕೆ ದೊರೆಯುತ್ತದೆ, ಆದರೆ ಲಯದ ಆಧಾರ ತಪ್ಪುತ್ತದೆ. ಬೀಸುವ ಕಲ್ಲಿನ ಒಂದು ಸುತ್ತು ಹಾಡಿನ ಲಯಘಟಕವೇ ಆಗಿತ್ತು. ಕಲ್ಲಿಲ್ಲದೆ ಹಾಡುವಾಕೆ ನುಡಿಯ ಕೊನೆಯ ಎಳೆತವನ್ನು ಮೊಟಕುಗೊಳಿಸುವುದು ಸಹಜ. ಮೊದಲು ಕಲ್ಲು ತಿರುಗಿಸುತ್ತ, ಅನಂತರ ಕಲ್ಲಿಲ್ಲದೆ, ಹೀಗೆ ಎರಡು ಬಾರಿ ಹಾಡಿಸಿ ಎರಡನ್ನೂ ಉಳಿಸುವುದು ಯೋಗ್ಯ. ಮೊದಲನೆಯದರಲ್ಲಿ ಮೈಕನ್ನು ಕಲ್ಲಿನಿಂದ ದೂರವಾಗಿ ಬಾಯಿಯ ಮಟ್ಟದಲ್ಲಿ, ಒಂದು ಮೊಳ ಅಂತರದಲ್ಲಿಡಬೇಕು. ಇಬ್ಬರು ಎದುರುಬದುರು ಕುಳಿತು ಸರದಿಯಂತೆ ಹಾಡುವಾಗ ಸ್ಟೀರಿಯೋ ಮುದ್ರಣವಿದ್ದರೆ ಯಾವ ಸಾಲು ಯಾರದೆಂಬುದು ಲಿಪ್ಯಂತರದ ವೇಳೆ ಸ್ಪಷ್ಟವಾಗುತ್ತದೆ.

ಮುದ್ರಣದ ಆರಂಭದಲ್ಲಿ ಊರು, ದಿನಾಂಕ, ಹಾಡುವವರ ಹೆಸರು, ಹಾಡನ್ನು ಯಾರಿಂದ ಕಲಿತರೆಂಬ ಸಂಗತಿ ದನಿಯಲ್ಲಿಯೇ ದಾಖಲಾಗಬೇಕು. ಕಡತದಿಂದ ಟಿಪ್ಪಣಿಪುಸ್ತಕ ಅಗಲಬಹುದು, ಕಡತದೊಳಗಿನ ದನಿ ಅಗಲದು. ಪ್ರಸಾರ ಮಾನದಂಡದ ವೇವ್ ಕಡತದಲ್ಲಿ ವಿವರಗಳಿಗಾಗಿ ಒಂದು ಖಾನೆಯಿದೆಯಾದರೂ ಅದು ಕನ್ನಡ ಲಿಪಿಯನ್ನು ಹಿಡಿಯುವಂತೆ ರೂಪಿತವಾದುದಲ್ಲ. ಆದ್ದರಿಂದ ವಿವರಪಟ್ಟಿ ಪ್ರತ್ಯೇಕವಾಗಿ ಯೂನಿಕೋಡಿನಲ್ಲಿರಬೇಕು. ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಎಷ್ಟೋ ಪಟ್ಟಿಗಳನ್ನು ಪರಿವರ್ತಕವಿಲ್ಲದೆ ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಧ್ವನಿ ಉಳಿದೂ ಅದು ಯಾರದೆಂದು ತಿಳಿಯದಂತಾಗುತ್ತದೆ. ಸ್ಥಳನಾಮಗಳಲ್ಲಿಯೂ ಜಾಗ್ರತೆ ಬೇಕು. 1997ರಲ್ಲಿ ಗದಗ ಜಿಲ್ಲೆ ರಚನೆಯಾಗುವವರೆಗೆ ಈ ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡವು ರೋಣ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಹಳೆಯ ಕ್ಯಾಸೆಟ್ಟಿನ ಮೇಲಿನ ‘ಧಾರವಾಡ ಜಿಲ್ಲೆ, ರೋಣ ತಾಲ್ಲೂಕು’ ಎಂಬ ಬರಹವನ್ನು ತಿದ್ದಬಾರದು. ಅದನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಇಂದಿನ ಆಡಳಿತ ವಿಭಾಗವನ್ನು ಸೇರಿಸಬೇಕು.

ಅಂದಿನ ಮುದ್ರಣವನ್ನು ಅಂದೇ ರಾತ್ರಿ ಎರಡು ಬೇರೆ ಬೇರೆ ಸಾಧನಗಳಿಗೆ ನಕಲು ಮಾಡಿ, ಕೇಳಿ ನೋಡಿ, ಆಮೇಲೆ ಕಾರ್ಡನ್ನು ಖಾಲಿ ಮಾಡಬೇಕೆಂಬುದು ಎಲ್ಲರೂ ಬಲ್ಲ, ಕೆಲವರೇ ಪಾಲಿಸುವ ನಿಯಮ. ಮೊಬೈಲ್ ಫೋನನ್ನೇ ಬಳಸುವ ಅನಿವಾರ್ಯತೆಯಿದ್ದಲ್ಲಿ ವೇವ್ ಬರೆಯುವ ಅನ್ವಯವನ್ನು ಅಳವಡಿಸಿಕೊಂಡು, ಗದ್ದಲ ನಿವಾರಣೆಯನ್ನು ನಿಲ್ಲಿಸಬೇಕು. ಮಾತಿಗಾಗಿ ರೂಪಿತವಾದ ಆ ಸೌಲಭ್ಯವು ತುಂತುಣಿಯ ಎಡೆಬಿಡದ ಶ್ರುತಿಯನ್ನು ಗದ್ದಲವೆಂದೇ ಬಗೆದು ಅಳಿಸಬಹುದು. ವಾಟ್ಸಾಪಿನ ಧ್ವನಿಸಂದೇಶವಾಗಿ ಬಂದ ಹಾಡು ಸುದ್ದಿಯಷ್ಟೇ, ಆಕರವಲ್ಲ.

ಹಾಡಿದವರ ಹಕ್ಕಿನ ವಿಚಾರ ಕನ್ನಡ ವಿಭಾಗಗಳಲ್ಲಿ ಇನ್ನೂ ಸಾಕಷ್ಟು ಚರ್ಚೆಗೆ ಬಂದಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಮಾನ್ಯವಾಯಿತು. 2012ರ ತಿದ್ದುಪಡಿ ಅದನ್ನು ವಿಸ್ತರಿಸಿ, ಪ್ರದರ್ಶಕರೆಂದು ಗುರುತಿಸಲ್ಪಡುವ ನೈತಿಕ ಹಕ್ಕನ್ನೂ ಸೇರಿಸಿತು. ಈ ಹಕ್ಕಿನ ಅವಧಿ 50 ವರ್ಷಗಳು. ಹಾಡು ಪರಂಪರೆಯದಾದರೂ ಆ ದಿನದ ಹಾಡುಗಾರಿಕೆ ಆಕೆಯದು. ಸಂಶೋಧನೆಗೆ, ಪ್ರಕಟಣೆಗೆ, ಅಂತರ್ಜಾಲಕ್ಕೆ ಎಂದು ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿ, ಸಹಿ ಬಾರದವರಲ್ಲಿ ಆ ಒಪ್ಪಿಗೆಯ ಮಾತನ್ನೇ ಮುದ್ರಿಸಿಕೊಳ್ಳಬಹುದು. ಮದುವೆಮನೆಯ ಸೋಬಾನೆಯ ನಡುವೆ ಬರುವ ಬೀಗರ ಹಾಸ್ಯದ ಪದಗಳನ್ನು ಹೆಂಗಸರು ಗಂಡಸರ ಎದುರು ಹಾಡಲು ಒಪ್ಪದಿರುವುದುಂಟು. ಸಂಶೋಧಕಿಯೊಬ್ಬಳ ಎದುರು ನಂಬಿಕೆಯಿಂದ ಹಾಡಿದ ಅಂಥ ಪದ ಊರಿನ ಯುವಕರ ಫೋನುಗಳಲ್ಲಿ ಸುಳಿದಾಡಿದರೆ ಆ ಮನೆಯ ಬಾಗಿಲು ಮುಂದಿನ ಸಂಶೋಧಕರಿಗೆ ತೆರೆಯದು. ಉಳಿದ ಹಾಡುಗಳ ಪ್ರತಿಯನ್ನು ಮಾತ್ರ ಹಾಡಿದವರಿಗೆ ತಲುಪಿಸಲೇಬೇಕು. ಅದಕ್ಕೆ ಎಂಪಿ3 ರೂಪವೇ ಸೂಕ್ತ: ಮನೆಯ ಯಾವ ಫೋನಿನಲ್ಲಿಯಾದರೂ ನುಡಿಯುತ್ತದೆ, ಸಣ್ಣ ಕಾರ್ಡಿನಲ್ಲಿ ಹಿಡಿಸುತ್ತದೆ, ಮತ್ತು ಮೂಲ ವೇವ್ ಕಡತ ವಿಭಾಗದ ಸಂಗ್ರಹದಲ್ಲಿ ಆಕೆಯ ಹೆಸರಿನಲ್ಲಿ ಉಳಿದಿರುತ್ತದೆ.