ನೋಯದ ಕಾಲನ್ನೇ ಹೆಚ್ಚು ನೋಡಿಕೊಳ್ಳಿ

ಮಕ್ಕಳೇ, ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸಮ್ಮ ಅನ್ನಿಸಿಕೊಂಡು ವಯಸ್ಸು ಸವೆಸಿದವಳು ನಾನು. ಬಾಣಂತಿಯನ್ನೋ ಜ್ವರದ ಮಗುವನ್ನೋ ನೋಡಲು ಹೋದರೆ, ಹೊರಡುವ ಹೊತ್ತಿಗೆ ಮನೆಯ ಹಿರಿಯರೊಬ್ಬರು ಮೆಲ್ಲಗೆ ಕಾಲು ಮುಂದೆ ಚಾಚುತ್ತಿದ್ದರು. “ಇದೇನೂ ದೊಡ್ಡದಲ್ಲ ಬಿಡಮ್ಮ” ಅನ್ನುತ್ತಿದ್ದರು. ಎಷ್ಟೋ ಸಲ ಅದು ಆಗಲೇ ದೊಡ್ಡದಾಗಿರುತ್ತಿತ್ತು. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, ಮೈಯ ಭಾರವೆಲ್ಲ ಅವುಗಳ ಮೇಲೆ. ಹೇಳುವುದನ್ನು ಹೇಳಿಬಿಡುತ್ತೇನೆ, ಮನಸ್ಸಿಟ್ಟು ಕೇಳಿ.

• ಕೂಸು ಹುಟ್ಟಿದ ದಿನವೇ ಎರಡೂ ಪಾದ ನೋಡಿ. ಪಾದ ಒಳಕ್ಕೆ ತಿರುಚಿಕೊಂಡು, ಕೈಯಿಂದ ನೆಟ್ಟಗೆ ಮಾಡಿದರೂ ಬಾರದಿದ್ದರೆ ಅದು ಸೊಟ್ಟಪಾದ. ಗ್ರಹಣದ ದೋಷವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಎಣ್ಣೆ ನೀವಿದರೆ ಸರಿಹೋದೀತೆಂದು ಕಾಯದೆ ಮೂಳೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಮೆಲ್ಲಮೆಲ್ಲಗೆ ದಾರಿಗೆ ತರುತ್ತಾರೆ. ಆಮೇಲೆ ಸರಳು ಜೋಡಿಸಿದ ಬೂಟನ್ನು ಮೊದಲ ಮೂರು ತಿಂಗಳು ಹಗಲೂ ರಾತ್ರಿಯೂ, ಅಲ್ಲಿಂದ ನಾಲ್ಕೈದು ವರ್ಷ ತುಂಬುವವರೆಗೆ ರಾತ್ರಿ ಹೊತ್ತು ತೊಡಿಸಬೇಕು. ಮಗು ಅಳುತ್ತದೆಂದು ಬೂಟು ಬಿಡಿಸಿದರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಇಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ.

• ಅಂಬೆಗಾಲು ಬಿಟ್ಟು ನಡೆಯಲು ಕಲಿಯುವ ಮಗುವಿಗೆ ಮನೆಯೊಳಗೆ ಬರಿಗಾಲೇ ಚೆನ್ನ. ಅಂಗಾಲು ಚಪ್ಪಟೆ ಎಂದು ಗಾಬರಿ ಬೇಡ, ಹೆಚ್ಚಿನ ಮಕ್ಕಳಿಗೆ ಐದಾರು ವರ್ಷದ ಹೊತ್ತಿಗೆ ಕಮಾನು ಮೂಡುತ್ತದೆ. ಹಿತ್ತಿಲು, ಬಯಲಿಗೆ ಮಾತ್ರ ಚಪ್ಪಲಿ ಬೇಕೇ ಬೇಕು. ಕೊಕ್ಕೆಹುಳುವಿನ ಮರಿ ಪಾದದ ಚರ್ಮ ತೂರಿ ಒಳಹೊಕ್ಕು, ಕರುಳು ಸೇರಿ ರಕ್ತ ಹೀರುತ್ತದೆ. ಮಗು ಬಿಳಿಚಿಕೊಂಡಿದ್ದರೆ ಇದನ್ನೂ ನೆನಪಿಡಿ.

• ಶಾಲೆಯ ಬೂಟನ್ನು “ಮುಂದಿನ ವರ್ಷಕ್ಕೂ ಆಗಲಿ” ಎಂದು ದೊಡ್ಡದು ಕೊಳ್ಳಬೇಡಿ, ಅಣ್ಣನದು ಹಳತಾಯಿತೆಂದು ತಮ್ಮನಿಗೆ ದಾಟಿಸಲೂ ಬೇಡಿ. ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗವಿದ್ದರೆ ಸಾಕು. ದೊಡ್ಡವರೂ ಅಷ್ಟೆ: ಸಂಜೆಯ ಹೊತ್ತಿಗೆ ಪಾದ ಕೊಂಚ ಊದಿರುತ್ತದೆ, ಅಳತೆ ನೋಡುವುದು ಆಗಲೇ.

• ಕಾಲುಗುರು ನೇರಕ್ಕೆ ಕತ್ತರಿಸಿ. ಮೂಲೆ ದುಂಡಗೆ ಕೆತ್ತಿದರೆ ಅದು ಮಾಂಸದೊಳಕ್ಕೆ ಬೆಳೆದು ಕೀವು ತುಂಬುತ್ತದೆ.

• ನಾಟಿ ಕಾಲದಲ್ಲಿ ದಿನವಿಡೀ ಕೆಸರಲ್ಲಿ ನಿಲ್ಲುವವರಿಗೆ ಬೆರಳ ಸಂದು ಬೆಳ್ಳಗೆ ನೆನೆದು ಕೆಸರುಹುಣ್ಣಾಗುತ್ತದೆ. ಗದ್ದೆಗಿಳಿಯುವ ಮುಂಚೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಮನೆಗೆ ಬಂದಮೇಲೆ ಸೋಪು ಹಾಕಿ ತೊಳೆದು, ಒಂದೊಂದು ಸಂದನ್ನೂ ಬಟ್ಟೆಯಿಂದ ಒರೆಸಿ. ತೊಳೆಯುವುದನ್ನು ಎಲ್ಲರೂ ಮಾಡುತ್ತಾರೆ, ಒರೆಸುವವರು ಕಡಿಮೆ. ಮೊಳೆ, ಮುಳ್ಳು ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದೆಂದು ಆಸ್ಪತ್ರೆಯಲ್ಲಿ ಹೇಳಿ, ಅರಿಶಿನ ಮೆತ್ತಿ ಸುಮ್ಮನಾಗಬೇಡಿ.

• ಬಸುರಿಯರೇ, ಪಾದ ಊದುವ ಮೊದಲೇ ಕಾಲುಂಗುರ ತೆಗೆದಿಡಿ. ಊದಿದಮೇಲೆ ಅದು ಬೆರಳನ್ನೇ ಬಿಗಿಯುತ್ತದೆ. ಶಾಸ್ತ್ರ ಕೆಡುತ್ತದೆಂದು ಅತ್ತೆ ಅಂದರೆ ನಾನು ಹೇಳಿದೆನೆನ್ನಿ. ಇದ್ದಕ್ಕಿದ್ದಂತೆ ಕೈ, ಮುಖವೂ ಊದಿ, ತಲೆನೋವು ಬಂದು ಕಣ್ಣು ಮಂಜಾದರೆ ರಕ್ತದೊತ್ತಡ ಏರಿರಬಹುದು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡಕ್ಕೂ ಅವತ್ತೇ ಆಸ್ಪತ್ರೆಗೆ ಹೋಗಿ.

• ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆಯೇ? ಅಂಗಾಲಿನ ಉದ್ದಕ್ಕೂ ಹಾಯ್ದ ಪಟ್ಟಿ ದಣಿದಿದೆ. ಗಟ್ಟಿ ನೆಲದ ಮೇಲೆ ನಿಂತೇ ದುಡಿಯುವ ಅಡುಗೆಯವರು, ಮೇಷ್ಟ್ರುಗಳಲ್ಲಿ ಇದು ಹೆಚ್ಚು. ಹಾಸಿಗೆಯಲ್ಲೇ ಕೂತು ಟವೆಲ್ಲಿನಿಂದ ಪಾದವನ್ನು ಮೈಕಡೆಗೆ ಎಳೆದು ಹಿಡಿಯಿರಿ, ಅರ್ಧ ನಿಮಿಷದಂತೆ ಮೂರು ನಾಲ್ಕು ಸಲ. ಹಿಮ್ಮಡಿಗೆ ಮೆತ್ತೆಯಿರುವ ಚಪ್ಪಲಿ ಹಾಕಿ. ವಾಸಿಗೆ ತಿಂಗಳುಗಳೇ ಹಿಡಿಯಬಹುದು, ಬಿಡದೆ ಮಾಡಿ.

• ಸಕ್ಕರೆ ಕಾಯಿಲೆಯವರೇ, ನನ್ನ ಹೆಚ್ಚಿನ ಚಿಂತೆ ನಿಮ್ಮದೇ. ಈ ಕಾಯಿಲೆ ಪಾದದ ನರಗಳ ಸ್ಪರ್ಶವನ್ನು ಸದ್ದಿಲ್ಲದೆ ಕಸಿಯುತ್ತದೆ, ರಕ್ತದ ಹರಿವನ್ನೂ ತಗ್ಗಿಸುತ್ತದೆ. ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ್ದು, ಮಲಗಿದಾಗ ಇಲಿ ಕಚ್ಚಿದ್ದು ಕೂಡ ತಿಳಿಯುವುದಿಲ್ಲ. ನೋವಿಲ್ಲವಾದ್ದರಿಂದ ಹುಣ್ಣಿನ ಮೇಲೇ ನಡೆಯುತ್ತೀರಿ, ಅದು ಮೂಳೆಗಿಳಿಯುತ್ತದೆ, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ಆದ್ದರಿಂದ ದಿನಾ ರಾತ್ರಿ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಕಣ್ಣು ಮಂದವಾಗಿದ್ದರೆ ಮನೆಯವರಿಂದ ನೋಡಿಸಿ. ಮೆಟ್ಟುವ ಮುಂಚೆ ಬೂಟು ಕೊಡವಿ, ಕೈ ಹಾಕಿ ತಡವಿ. ಬಿಸಿನೀರಿನ ಹದವನ್ನು ಮೊಣಕೈಯಿಂದ ನೋಡಿ, ಕಾಲಿಂದಲ್ಲ. ಒಣಗಿದ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಬೆರಳ ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಅಂಗಡಿಯ ಆಣಿಪಟ್ಟಿ ಅಂಟಿಸಬೇಡಿ, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಬೀಡಿ, ಸಿಗರೇಟು ಬಿಡಿ.

• ದೇವರ ಮಾತಿಗೆ ಬಂದರೆ, ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಪಾದಯಾತ್ರೆ ಹೋಗುವ ಆಸೆ ನನಗೂ ಅರ್ಥವಾಗುತ್ತದೆ. ಸ್ಪರ್ಶ ಸತ್ತ ಕಾಲಲ್ಲಿ ಮಾತ್ರ ಬರಿಗಾಲ ನಡಿಗೆಯೂ ಬೇಡ, ಕೊಂಡ ಹಾಯುವುದೂ ಬೇಡ. ಮಧ್ಯಾಹ್ನದ ಪ್ರದಕ್ಷಿಣೆಯಲ್ಲಿ ಕಾದ ಕಲ್ಲೊಂದೇ ಸಾಕು ಬೊಬ್ಬೆ ಏಳಲು. ತಂಪು ಹೊತ್ತಿನಲ್ಲಿ, ದಪ್ಪ ಸಾಕ್ಸ್ ಹಾಕಿಕೊಂಡು ಸುತ್ತಿ.

• ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ವೈದ್ಯರ ಮುಂದೆ ಚಪ್ಪಲಿ ಕಳಚಿ ಕೂರಿ. ಅಂಗಾಲಿಗೆ ತೆಳು ನೈಲಾನ್ ಎಳೆ ಒತ್ತಿ ಸ್ಪರ್ಶ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಅವರು ಮರೆತರೆ ನೀವೇ ಕೇಳಿ. ಸ್ಪರ್ಶ ಕುಂದಿದ್ದರೆ ಎಂ.ಸಿ.ಆರ್. ಚಪ್ಪಲಿ ಹಾಕಿ. ಅದರ ಮೆತ್ತನೆಯ ರಬ್ಬರು ಭಾರವನ್ನು ಪಾದದ ತುಂಬ ಹಂಚುತ್ತದೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಪಾದಗಳನ್ನೂ ಇದು ಎಷ್ಟೋ ಕಾಲದಿಂದ ಕಾಪಾಡುತ್ತ ಬಂದಿದೆ.

• ಆನೆಕಾಲಿನವರು ಕಾಲನ್ನು ಬಚ್ಚಿಡಬೇಡಿ. ದಿನಾ ಸೋಪಿನಿಂದ ತೊಳೆದು, ಮಡಿಕೆಗಳನ್ನು ಒರೆಸಿ, ಕೂತಾಗ ಮಲಗಿದಾಗ ಕಾಲು ಎತ್ತರಕ್ಕಿಡಿ. ಇಷ್ಟು ಮಾಡಿದರೆ ಈ ಕಾಯಿಲೆಯಲ್ಲಿ ಆಗಾಗ ಬರುವ ಚಳಿಜ್ವರ ಮರುಕಳಿಸುವುದು ಕಡಿಮೆಯಾಗುತ್ತದೆ.

• ಅರವತ್ತು ದಾಟಿದಮೇಲೆ ಅಂಗಾಲಿನ ಕೊಬ್ಬಿನ ಮೆತ್ತೆ ತೆಳ್ಳಗಾಗುತ್ತದೆ, ಉಗುರು ದಪ್ಪಗಾಗುತ್ತದೆ. ಸವೆದ ಹವಾಯಿ ಚಪ್ಪಲಿಯಲ್ಲಿ ಬಚ್ಚಲಿಗೆ ಹೋಗಬೇಡಿ, ಹಿಂದೆ ಪಟ್ಟಿಯಿರುವ, ತಳ ಜಾರದ ಚಪ್ಪಲಿ ಕೊಳ್ಳಿ. ಮನೆಯ ಕಿರಿಯರು, ಅಜ್ಜ ಅಜ್ಜಿ ಸ್ನಾನ ಮಾಡಿ ಉಗುರು ಮೆತ್ತಗಾದಾಗ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಸಿ ಕೊಡಿ. ಆಗಲೇ ಅಂಗಾಲನ್ನೂ ತಿರುಗಿಸಿ ನೋಡಿ.