ಪರೀಕ್ಷೆ ಸೋತರೆ ತಪ್ಪು ಯಾರದು?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಪೀಣ್ಯದ ಮಗ್ಗುಲಲ್ಲಿ ನಾಗಸಂದ್ರವಿದೆ. ಈ ಆಸುಪಾಸಿನ ಕಾರ್ಖಾನೆಗಳಲ್ಲಿ ಲೇತಿನಿಂದ ಇಳಿದ ಬಿಡಿಭಾಗವನ್ನು ಗೇಜಿನಿಂದ ಅಳೆದು ನೋಡುತ್ತಾರೆ. ಅಳತೆ ಹೊಂದದಿದ್ದರೆ ಅನುಭವಿಯಾದ ಕೆಲಸಗಾರನು ಭಾಗವನ್ನು ಒಡನೆಯೇ ಎಸೆಯುವುದಿಲ್ಲ. ಗೇಜು ಸವೆದಿದೆಯೇ, ಲೋಹದ ಚೂರು ಅಂಟಿದೆಯೇ, ಭಾಗವು ಇನ್ನೂ ಬಿಸಿಯಾಗಿ ಹಿಗ್ಗಿದೆಯೇ ಎಂದು ಮೊದಲು ವಿಚಾರಿಸುತ್ತಾನೆ. ಕಂಪ್ಯೂಟರಿನ ಕೆಲಸದಲ್ಲಿಯೂ ಇದೇ ವಿವೇಕ ಬೇಕು.

ಜಾಲತಾಣವೊಂದು ಸರಿಯಾಗಿ ನಡೆಯುತ್ತದೆಯೇ ಎಂದು ಪ್ರತಿದಿನವೂ ಮನುಷ್ಯರೇ ಕುಳಿತು ನೋಡುವುದು ಕಷ್ಟ. ಆದುದರಿಂದ ಬ್ರೌಸರನ್ನು ತಾನಾಗಿ ತೆರೆದು, ಅಕ್ಷರಗಳನ್ನು ತುಂಬಿ, ಗುಂಡಿಗಳನ್ನು ಒತ್ತಿ, ಫಲವನ್ನು ತಾಳೆ ನೋಡುವ ಕ್ರಮವಿಧಿಗಳನ್ನು ಬರೆಯುತ್ತಾರೆ. ಇದಕ್ಕೆ ಬಳಸುವ ‘ಸೆಲೆನಿಯಂ’ ಎಂಬ ಸಾಧನವನ್ನು ಜೇಸನ್ ಹಗಿನ್ಸ್ ಎಂಬವರು 2004ರಲ್ಲಿ ಅಮೆರಿಕದ ಷಿಕಾಗೋದಲ್ಲಿ ರಚಿಸಿದರು. ಅದರ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನವು 2014ರಲ್ಲಿಯೂ 2016ರಲ್ಲಿಯೂ ಬೆಂಗಳೂರಿನಲ್ಲಿ ನಡೆಯಿತು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ರೈಲಿನ ಟಿಕೆಟ್ಟು ಮಾರುವ ಪುಟವೊಂದಿದೆ. ನಾಗಸಂದ್ರವನ್ನು ಆರಿಸಿದರೆ ದರ ಕಾಣಬೇಕು. ‘ಪಾವತಿಸಿ’ ಎಂಬ ಗುಂಡಿಯನ್ನು ಒತ್ತಿದರೆ ಟಿಕೆಟ್ಟು ಬರಬೇಕು. ಪರೀಕ್ಷೆಯು ಹತ್ತು ಸಲದಲ್ಲಿ ಒಂಬತ್ತು ಸಲ ಗೆಲ್ಲುತ್ತದೆ, ಒಂದು ಸಲ ಸೋಲುತ್ತದೆ. ‘ಮತ್ತೊಮ್ಮೆ ನಡೆಸಿದರೆ ಗೆಲ್ಲುತ್ತದೆ, ಬಿಡಿ’ ಎನ್ನುವುದು ಸುಲಭ. ಆದರೆ ಅದು ಜ್ವರ ಬಂದಾಗ ಉಷ್ಣಮಾಪಕವನ್ನು ಒದರಿ ಇಟ್ಟಂತೆ!

ಮೊದಲನೆಯ ಕೆಲಸ, ಸಾಕ್ಷ್ಯ ಸಂಗ್ರಹ. ಸೋತ ಕ್ಷಣದಲ್ಲಿ ಪರದೆಯ ಚಿತ್ರವನ್ನು ತೆಗೆದಿರಿಸುವಂತೆ ಏರ್ಪಡಿಸಬೇಕು. ಬ್ರೌಸರಿಗೂ ಸರ್ವರಿಗೂ ನಡೆದ ಸಂವಾದವನ್ನು ವೇಳೆಸಹಿತ ದಾಖಲಿಸಬೇಕು. ನಮ್ಮ ಚಿತ್ರದಲ್ಲಿ ದರದ ಜಾಗ ಬರಿದಾಗಿದೆ. ಸರ್ವರಿನ ಉತ್ತರ ಬರುವ ಮೊದಲೇ ಕ್ರಮವಿಧಿಯು ಗುಂಡಿಯನ್ನು ಒತ್ತಿಬಿಟ್ಟಿತ್ತು. ಮನುಷ್ಯನು ಕಣ್ಣಿನಿಂದ ನೋಡಿ ಬೆರಳು ಆಡಿಸುವಷ್ಟರಲ್ಲಿ ಉತ್ತರ ಬಂದಿರುತ್ತದೆ. ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ.

ಎರಡನೆಯದು, ಸೋಲನ್ನು ಬೇಕೆಂದಾಗ ಬರಿಸುವುದು. ಸರ್ವರಿನ ಉತ್ತರವನ್ನು ಬೇಕೆಂದೇ ಮೂರು ಸೆಕೆಂಡು ತಡೆಹಿಡಿದರೆ ಪರೀಕ್ಷೆಯು ಪ್ರತಿಸಲವೂ ಸೋಲುತ್ತದೆ. ಈಗ ನಮ್ಮ ಊಹೆಯು ಪ್ರಯೋಗದಿಂದ ದೃಢಪಟ್ಟಿತು.

ಮೂರನೆಯದು, ಚಿಕಿತ್ಸೆ. ‘ಐದು ಸೆಕೆಂಡು ಕಾಯು’ ಎಂದು ಬರೆದರೆ ಜಾಲವು ವೇಗವಾಗಿರುವ ದಿನ ಕಾಲ ವ್ಯರ್ಥ. ನಿಧಾನವಾಗಿರುವ ದಿನ ಅದೂ ಸಾಲದು. ‘ದರ ಕಾಣುವವರೆಗೆ ಕಾಯು’ ಎಂದು ಬರೆಯುವುದೇ ಯುಕ್ತ. ಹಾಗೆ ಕಾಯುವುದಕ್ಕೂ ಒಂದು ಗರಿಷ್ಠ ಅವಧಿಯನ್ನು ವಿಧಿಸಿರಬೇಕು. ಇಲ್ಲವಾದರೆ ಬಾರದ ದರಕ್ಕಾಗಿ ಯಂತ್ರವು ಕಾಯುತ್ತಲೇ ಇದ್ದೀತು.

ಇಲ್ಲಿಗೆ ಮುಗಿಯಿತೆಂದು ತಿಳಿಯಬಾರದು. ದರ ಬಾರದೆ ಇರುವಾಗ ಪಾವತಿಯ ಗುಂಡಿಯನ್ನು ಒತ್ತಲು ಸಾಧ್ಯವಾದುದಾದರೂ ಹೇಗೆ? ಜಾಲಸಂಪರ್ಕ ದುರ್ಬಲವಾದೆಡೆ ಅವಸರದ ಪ್ರಯಾಣಿಕನೊಬ್ಬನು ಇದೇ ತಪ್ಪಿಗೆ ಸಿಕ್ಕಿಬೀಳಬಹುದು. ಪರೀಕ್ಷೆಯಲ್ಲಿ ದೋಷವಿದ್ದುದು ನಿಜ, ಪುಟದಲ್ಲಿಯೂ ದೋಷವಿತ್ತು. ದರ ಬರುವವರೆಗೆ ಗುಂಡಿಯು ನಿಷ್ಕ್ರಿಯವಾಗಿರುವಂತೆ ಪುಟವನ್ನೂ ತಿದ್ದಬೇಕು. ಆಮೇಲೆ ಅದೇ ಮೂರು ಸೆಕೆಂಡಿನ ತಡೆಯನ್ನು ಮತ್ತೆ ಒಡ್ಡಿ ನೋಡಬೇಕು. ಆಗಲೂ ಪರೀಕ್ಷೆ ಗೆದ್ದರೆ ಮಾತ್ರ ರೋಗ ವಾಸಿಯಾಯಿತೆನ್ನಬಹುದು.

ಎಲ್ಲ ಸೋಲುಗಳಿಗೂ ಇದೇ ಕಾರಣವಲ್ಲ. ಗುಂಡಿಯ ಹೆಸರು ಬದಲಾಗಿರಬಹುದು. ಹಿಂದಿನ ಪರೀಕ್ಷೆಯು ಬಿಟ್ಟುಹೋದ ಮಾಹಿತಿ ಅಡ್ಡ ಬಂದಿರಬಹುದು. ಬ್ರೌಸರಿನ ಆವೃತ್ತಿ ಬೇರೆಯಾಗಿರಬಹುದು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಿದರೆ ನಿಜವಾದ ಕಾರಣ ಸಿಕ್ಕೀತು. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ನಿಯಮವೂ ಇದೇ ಅಲ್ಲವೇ?