ಕಂಡಕ್ಟರ್‌ಗೆ ಮೊದಲೇ ಹೇಳಿ, ಕಲಾಮಂದಿರದಲ್ಲಿ ಇಳಿಯಿರಿ

ಕಲಾವಿದೆಯೊಬ್ಬಳು ಇಷ್ಟು ವರ್ಷ ತನ್ನ ಜೊತೆ ದುಡಿದವರ ಕೃತಿಗಳನ್ನು ತಾನೇ ಆರಿಸಿ, ಗೋಡೆಗೆ ಹಾಕಿ, ಬಂದು ನೋಡಿ ಎಂದು ಕರೆಯುತ್ತಾಳೆ. ಇಂಥ ಸಮೂಹ ಪ್ರದರ್ಶನಗಳ ಆಹ್ವಾನ ಈಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಫೋನುಗಳಿಗೂ ಬಂದು ಬೀಳುತ್ತದೆ. ‘ನಮಗೆಲ್ಲಿ ಅರ್ಥವಾಗುತ್ತೆ ಬಿಡಿ’ ಎಂದು ಅಳಿಸಿಹಾಕುವವರೇ ಹೆಚ್ಚು. ಹೊಗೆಸೊಪ್ಪಿನ ಎಲೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿಯೇ ಗ್ರೇಡ್ ಹೇಳುವ ಸೀಮೆಯವರು ಹಾಗನ್ನಬಾರದು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ.

ಮೊದಲ ಪಾಠಕ್ಕೆ ಮೈಸೂರೇ ಸಾಕು. ಕಲಾಮಂದಿರದ ಆವರಣದಲ್ಲಿರುವ ಸುಚಿತ್ರಾ ಗ್ಯಾಲರಿಯಲ್ಲಿ ಸಮೂಹ ಪ್ರದರ್ಶನಗಳು ನಡೆಯುತ್ತವೆ. ಪಿರಿಯಾಪಟ್ಟಣ, ಹುಣಸೂರಿನ ಬಸ್ಸುಗಳು ಹುಣಸೂರು ರಸ್ತೆಯಲ್ಲೇ ಊರೊಳಗೆ ಬರುವುದರಿಂದ ದಾರಿಯಲ್ಲೇ ಇಳಿಯಬಹುದು. ನಿಲ್ಲಿಸುತ್ತಾರೋ ಇಲ್ಲವೋ ಎಂದು ಹತ್ತುವಾಗಲೇ ಕಂಡಕ್ಟರ್‌ನನ್ನು ಕೇಳಿಕೊಳ್ಳಿ. ಕೆ.ಆರ್. ನಗರದವರಿಗೆ ಹಾಸನ–ಮೈಸೂರು ಮಾರ್ಗದ ರೈಲಿದೆ, ಈ ನಾಲ್ಕು ಪಟ್ಟಣಗಳಲ್ಲಿ ಆ ಭಾಗ್ಯ ಅವರಿಗೆ ಮಾತ್ರ. ಕೋಟೆಯವರು ಮಾನಂದವಾಡಿ ರಸ್ತೆಯಿಂದ ಬಂದು ಬಸ್ ನಿಲ್ದಾಣದಲ್ಲಿ ಆಟೊ ಹಿಡಿಯಬೇಕು. ಕೋಟೆಯಿಂದಾಚೆ ಒಳಹಳ್ಳಿಗೆ ಮರಳುವವರಾದರೆ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ವಿಚಾರಿಸಿಡಿ. ಗ್ಯಾಲರಿಯ ಉದ್ಘಾಟನೆಗಳು ಸಾಮಾನ್ಯವಾಗಿ ಸಂಜೆಗೇ, ಭಾಷಣ ಮುಗಿಯುವ ಹೊತ್ತು ಯಾರ ಕೈಯಲ್ಲೂ ಇಲ್ಲ.

ಪ್ರದರ್ಶನಕ್ಕೆ ಮುಂಚೆ ಒಂದು ಗಂಟೆ ಜಗನ್ಮೋಹನ ಅರಮನೆಗೆ ಕೊಡಿ. 1861ರಲ್ಲಿ ಕಟ್ಟಿದ ಈ ಅರಮನೆ 1915ರಿಂದ ಚಿತ್ರಶಾಲೆ. ದುರಸ್ತಿಯ ಕಾರಣಕ್ಕೆ ಕೆಲವು ಭಾಗ ಮುಚ್ಚಿರುವುದುಂಟು, ವಿಚಾರಿಸಿಕೊಂಡೇ ಹೋಗಿ. ಜನ ಮುಗಿಬೀಳುವುದು ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ. ಅದು ರವಿವರ್ಮನದು ಎಂದು ಪಕ್ಕದವರು ಹೇಳಿದರೆ ನಂಬಬೇಡಿ, ಬರೆದವರು ಎಸ್.ಎಲ್. ಹಳದಣಕರ್. ರವಿವರ್ಮನ ಚಿತ್ರ ಬೇಕೆಂದರೆ ವಾದ್ಯಗಳೊಡನೆ ನೆರೆದ 11 ಹೆಂಗಸರ ಗುಂಪಿನ ಮುಂದೆ ನಿಲ್ಲಿ. ದೇಶದ ಬೇರೆ ಬೇರೆ ಸೀಮೆಗಳ ಉಡುಗೆ, ಬೇರೆ ಬೇರೆ ವಾದ್ಯ. ಯಾರು ನಡುವೆ ಕೂರಬೇಕು, ಯಾರು ಹಿಂದೆ ನಿಲ್ಲಬೇಕು, ಯಾರು ಯಾರ ಕಡೆ ತಿರುಗಬೇಕು ಎಂಬುದನ್ನೆಲ್ಲ ನಿರ್ಧರಿಸಿದವನು ಚಿತ್ರಕಾರನೊಬ್ಬನೇ. ಆ ಹೆಂಗಸರ ಹೆಸರು ಚಿತ್ರದಲ್ಲಿ ಎಲ್ಲೂ ಇಲ್ಲ.

ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೆಲಸವನ್ನು ಫೋನಿನಲ್ಲಾದರೂ ಹುಡುಕಿ ನೋಡಿ. 1956ರಲ್ಲಿ ಹುಟ್ಟಿದ ಅವರು ಶಿಲ್ಪಿಯಾಗಿ ಶುರುಮಾಡಿ, ತೊಂಬತ್ತರ ದಶಕದ ನಡುವಿನಿಂದ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ದಕ್ಷಿಣ ಭಾರತದ ಹೆಂಗಸರ ‘ಮಾದರಿ’ಗಳ ಸರಣಿಯೊಂದನ್ನು ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಪುಷ್ಪಮಾಲಾ ಅವರೇ! ಆ ಕೃತಿಗಳ ಕೆಳಗೆ ಇಬ್ಬರ ಹೆಸರೂ ಇರುತ್ತದೆ. ಫೋಟೊ ತೆಗೆದವರು ಅಡಿಟಿಪ್ಪಣಿಗೆ ಸರಿಯುವುದು ವಾಡಿಕೆಯಾಗಿದ್ದ ಕಡೆ ಇದು ಸಣ್ಣ ಸಂಗತಿಯಲ್ಲ. ಪುಷ್ಪಮಾಲಾ ನಡೆಸುವ ಅರ್ಧ ಕಾಲ್ಪನಿಕ ಸಂಸ್ಥೆಯ ಹೆಸರು ‘ಸೋಂಬೇರಿಕಟ್ಟೆ’; ಅಂಥ ಕಟ್ಟೆ ನಮ್ಮ ಊರೂರಲ್ಲೂ ಇದೆ, ಕಲಾಕೃತಿ ಮಾತ್ರ ಹುಟ್ಟಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನಕ್ಕೆ ಬಿನಾಲೆ ಎನ್ನುತ್ತಾರೆ, ಕೃತಿಗಳನ್ನು ಆರಿಸಿ ಜೋಡಿಸುವವರಿಗೆ ಕ್ಯುರೇಟರ್ ಎನ್ನುತ್ತಾರೆ; 2019ರ ಚೆನ್ನೈ ಫೋಟೊ ಬಿನಾಲೆಯ ಕ್ಯುರೇಟರ್ ಕೂಡ ಪುಷ್ಪಮಾಲಾ ಅವರೇ. ಕಲಾವಿದೆ ಕ್ಯುರೇಟರ್ ಆದರೆ ಏನಾಗುತ್ತದೆ ಎಂದು ತಿಳಿಯಲು ಕರ್ನಾಟಕದಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಒಟ್ಟಿಗೆ ಕೆಲಸ ಮಾಡಿದವರಿಗೆ ಯಾರು ಎಲ್ಲಿ ಬೆವರು ಸುರಿಸಿದರೆಂಬುದು ಗೊತ್ತಿರುತ್ತದೆ. ಹೊರಗಿನ ಪಂಡಿತರಿಗೆ ಕಾಣುವುದು ಚೌಕಟ್ಟು ಹಾಕಿದ ಮೇಲಿನದು.

ಹಾಗಾಗಿ ಗ್ಯಾಲರಿಯೊಳಗೆ ಹೋದಾಗ ಚಿತ್ರಕ್ಕಿಂತ ಮುಂಚೆ ಅದರ ಪಕ್ಕದ ಚೀಟಿ ಓದಿ ಎನ್ನುತ್ತೇನೆ. ಕಲಾ ಶಿಕ್ಷಕರು ಇದನ್ನು ಒಪ್ಪಲಿಕ್ಕಿಲ್ಲ. ಹೆಸರು ಒಂದೋ ಎರಡೋ? ಹೊಲಿದವರು, ಎರಕ ಹೊಯ್ದವರು, ಪರದೆ ಬರೆದವರು ಎಲ್ಲಿದ್ದಾರೆ? ಕರೆದ ಕಲಾವಿದೆಯ ಸ್ವಂತ ಕೃತಿ ಇದೆಯೇ, ಇದ್ದರೆ ಬಾಗಿಲೆದುರೋ ಮೂಲೆಯಲ್ಲೋ? ಒಂದು ಸುತ್ತು ಸುಮ್ಮನೆ ನಡೆದು, ಎರಡನೆಯ ಸುತ್ತಿನಲ್ಲಿ ಹಿಡಿಸಿದ ಎರಡು ಮೂರು ಕೃತಿಗಳ ಮುಂದೆ ಮಾತ್ರ ನಿಲ್ಲಿ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ಇಂಥ ಪ್ರದರ್ಶನಗಳಿಗೆ ಬಹುಮಟ್ಟಿಗೆ ಟಿಕೆಟ್ ಇರುವುದಿಲ್ಲ, ಕಲಾವಿದರು ಅಲ್ಲೇ ಓಡಾಡಿಕೊಂಡಿರುತ್ತಾರೆ. ‘ಮೇಡಂ, ಇದನ್ನು ಹೇಗೆ ಮಾಡಿದಿರಿ?’ ಎಂದು ಕೇಳಿ. ‘ಇದರ ಅರ್ಥ ಏನು?’ ಎಂದರೆ ಉದ್ದ ಉಪನ್ಯಾಸ ಸಿಗುತ್ತದೆ, ‘ಹೇಗೆ’ ಎಂದರೆ ಕೆಲಸದ ಕಥೆ ಸಿಗುತ್ತದೆ. ಮುಟ್ಟಬೇಡಿ, ಫ್ಲ್ಯಾಷ್ ಹಾಕಬೇಡಿ, ಫೋಟೊಗೆ ಮೊದಲು ಅನುಮತಿ ಕೇಳಿ. ಬೆಲೆ ಕೇಳಲು ಸಂಕೋಚ ಬೇಡ, ಕೊಳ್ಳಲೇಬೇಕೆಂದಿಲ್ಲ. ಮಕ್ಕಳನ್ನು ಕರೆದೊಯ್ಯಿರಿ, ಊಟ ಮಾಡಿಸಿಕೊಂಡು.

ಬೆಂಗಳೂರಿಗೆ ಹೋಗುವುದಾದರೆ ಮೆಜೆಸ್ಟಿಕ್ ತನಕ ಬಸ್ಸಿನಲ್ಲೇ ಕುಳಿತು ಟ್ರಾಫಿಕ್ಕಿನಲ್ಲಿ ಬೇಯುವುದು ಬೇಡ. ಕೆಂಗೇರಿಯಲ್ಲಿಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗಬಹುದು. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಮತ್ತು 2023ರಲ್ಲಿ ತೆರೆದ ‘ಮ್ಯಾಪ್’ ಕಲಾ ಸಂಗ್ರಹಾಲಯ ಎರಡೂ ಇವೆ. ಅಲ್ಲಿಂದ ಆಟೊದಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಕಲಾವಿದರೇ ಕಲಾವಿದರನ್ನು ಕರೆಯುವ ಪ್ರಯೋಗಗಳಿಗೆ ಶಾಂತಿನಗರದ ‘1 ಶಾಂತಿರೋಡ್’ ನೋಡಿ. ಸುರೇಶ್ ಜಯರಾಮ್ ಕಟ್ಟಿಸಿದ ಮನೆ, ಸ್ಟುಡಿಯೊ, ಗ್ಯಾಲರಿ ಎಲ್ಲ ಒಂದೇ ಕಡೆ. ಪ್ರದರ್ಶನವಿಲ್ಲದ ದಿನ ಹೋದರೆ ಯಾರದೋ ಮನೆ ಬಾಗಿಲು ತಟ್ಟಿದಂತಾದೀತು, ಮೊದಲೇ ತಿಳಿದುಕೊಳ್ಳಿ.

ಕೋಟೆಯವರಿಗೆ ಇನ್ನೊಂದು ದಾರಿಯೂ ಇದೆ: ಬಾವಲಿ, ಮಾನಂದವಾಡಿ, ಕಲ್ಲಿಕೋಟೆಯ ಮೇಲೆ ಕೊಚ್ಚಿಗೆ. ಅಲ್ಲಿನ ಬಿನಾಲೆ 2012ರಲ್ಲಿ ಆರಂಭವಾಯಿತು, ಅದರ ಕ್ಯುರೇಟರ್‌ಗಳು ಕಲಾವಿದರೇ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ 2016ರ ಕ್ಯುರೇಟರ್, ಅನಿತಾ ದುಬೆ 2018ರವರು. ಆ ಜವಾಬ್ದಾರಿ ಹೊತ್ತ ಮೊದಲ ಮಹಿಳೆ ಅವರು. ಒಂದು ದಿನದ ಪ್ರಯಾಣವಲ್ಲ ಇದು, ಜೊತೆಗೆ ನಾಗರಹೊಳೆ ಕಾಡಿನ ಆ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್.

ದೂರ ಹೋಗಲಾಗದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ. ನಮ್‌ಡ್ರೋಲಿಂಗ್ ವಿಹಾರದ ಗೋಡೆಚಿತ್ರಗಳಲ್ಲೂ ಹಲವು ಕೈಗಳ ಕೆಲಸವಿದೆ, ಸಹಿ ಹುಡುಕಿದರೆ ಸಿಗದು. ಅದನ್ನು ನೋಡಿದ ಮೇಲೆ ಮೈಸೂರಿನ ಗ್ಯಾಲರಿಯ ಚೀಟಿಗಳ ಮೇಲೆ ಕಣ್ಣು ತಾನಾಗಿ ಹೋಗುತ್ತದೆ.

ಹೊರಡುವ ಮುನ್ನ ಆಹ್ವಾನದಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ. ಹಲವು ಸಮೂಹ ಪ್ರದರ್ಶನಗಳು ಮೂರು ನಾಲ್ಕು ದಿನಕ್ಕೇ ಮುಗಿದುಬಿಡುತ್ತವೆ. ಬೆಂಗಳೂರಿಗಾದರೆ ಸೋಮವಾರ ಮಾತ್ರ ಹೊರಡಬೇಡಿ, ಮ್ಯಾಪ್‌ಗೂ ರಾಷ್ಟ್ರೀಯ ಗ್ಯಾಲರಿಗೂ ಅಂದು ರಜೆ.